ಚಿವುಟುವ ಸೊಪ್ಪು, ಕೀಳುವ ಗಿಡ

(ಚಿತ್ರದುರ್ಗದಲ್ಲಿ ಮುಂಗಾರಿನ ಆರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆರಕೆ ಸೊಪ್ಪಿನ ಸಾರಿನ ರುಚಿ ಗೊತ್ತಿಲ್ಲದವರು ಈ ಸಭೆಯಲ್ಲಿ ಇರಲಾರರು. ಹದವಾದ ಎರಡು ಮಳೆ ಬಿದ್ದರೆ ಸಾಕು, ಹೊಲದ ಬದುವಿನಲ್ಲಿ, ತಿಪ್ಪೆಯ ಅಂಚಿನಲ್ಲಿ, ಕೆರೆಯಂಗಳದಲ್ಲಿ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲಿ, ಹೊನಗೊನೆ, ತಗಚೆಯ ಎಳೆಕುಡಿ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪು ತರುತ್ತಾರೆ. ಅವರ ಕೈಯನ್ನು ಗಮನಿಸಿ ನೋಡಿ. ಬೆಳೆಯ ಸಾಲಿನೊಳಗೆ ಬೆಳೆದದ್ದನ್ನು ಕಿತ್ತು ಹಾಕುವ ಅದೇ ಕೈ ಬದುವಿಗೆ ಬಂದಾಗ ತುದಿಯನ್ನು ಮಾತ್ರ ಚಿವುಟುತ್ತದೆ. ಬೇರು ಅಲ್ಲೇ ಉಳಿಯುತ್ತದೆ, ಚಿವುಟಿದ ಜಾಗದಲ್ಲಿ ಎರಡು ಕುಡಿ ಒಡೆಯುತ್ತವೆ. ಒಂದಿಷ್ಟು ಗಿಡಗಳನ್ನು ಹೂವಾಗಿ ಬೀಜ ಕಟ್ಟಲು ಬಿಡುತ್ತಾರೆ. ಯಾವ ಪಠ್ಯಪುಸ್ತಕವೂ ಕಲಿಸದ ಶಿಸ್ತು ಇದು. ಸಸ್ಯಶಾಸ್ತ್ರ ಕಲಿಸುತ್ತ ಬದುಕಿದವಳು ನಾನು. ಸೊಪ್ಪು ಕೊಯ್ಯುವ ವಿಷಯದಲ್ಲಿ ಮಾತ್ರ ಈ ಹೆಂಗಸರೇ ನನಗೆ ಗುರುಗಳು.

ನಾನು ಇಂದು ಹೇಳಬೇಕೆಂದಿರುವುದು ಈ ನಿಯಮವನ್ನು ತಿರುಗಿಸಿ ಹಾಕಬೇಕಾದ ಗಿಡಗಳ ಬಗ್ಗೆ. ಹೊರಗಿನಿಂದ ಬಂದು ನಮ್ಮ ಗೋಮಾಳ, ಕಾವಲು, ಕೆರೆಗಳನ್ನು ಆಕ್ರಮಿಸಿರುವ ಗಿಡಗಳಲ್ಲೂ ಕೆಲವು ತಿನ್ನಲು ಬರುತ್ತವೆ. ಆದರೆ ಅವುಗಳನ್ನು ಚಿವುಟಬಾರದು, ಕೀಳಬೇಕು. ಬೇರು ಉಳಿಸಬಾರದು, ಬೀಜ ಕಟ್ಟಲು ಬಿಡಬಾರದು, ಮನೆಗೆ ತರುವ ದಾರಿಯಲ್ಲಿ ಒಂದು ತುಂಡನ್ನೂ ಬೀಳಿಸಬಾರದು. ಆ ಗಿಡ ಮುಂದಿನ ವರ್ಷ ನಮಗೆ ಸಿಗದಿದ್ದರೆ ಅದೇ ನಮ್ಮ ಗೆಲುವು.

ಹೊರಗಿನಿಂದ ಬಂದದ್ದೆಲ್ಲ ಶತ್ರುವಲ್ಲ. ದಾವಣಗೆರೆ ಸೀಮೆಯ ಮೆಕ್ಕೆಜೋಳ, ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ನಡೆಸಿದ ಶೇಂಗಾ, ಮಂಡಕ್ಕಿಯ ಜೊತೆ ನಾವು ಕಡಿಯುವ ಮೆಣಸಿನಕಾಯಿ, ಸಾರಿನ ಟೊಮೇಟೊ ಎಲ್ಲವೂ ಅಮೆರಿಕ ಖಂಡದವು. ನಾವು ಬಿತ್ತಿದ ಕಡೆ ಬೆಳೆಯುತ್ತವೆ, ಬಿತ್ತದಿದ್ದರೆ ಇಲ್ಲ. ಆಕ್ರಮಣಕಾರಿ ಗಿಡ ಹಾಗಲ್ಲ. ತನ್ನ ತವರಿನಲ್ಲಿ ತನ್ನನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಕೀಟ, ರೋಗಗಳನ್ನು ಅಲ್ಲೇ ಬಿಟ್ಟು ಬಂದಿರುತ್ತದೆ. ಎಲೆಯನ್ನು ಸಾಮಾನ್ಯವಾಗಿ ದನ ಮುಟ್ಟುವುದಿಲ್ಲ, ಬರ ತಾಗುವುದಿಲ್ಲ, ಬೀಜಕ್ಕೆ ಲೆಕ್ಕವಿಲ್ಲ. ತಾನು ಬೆಳೆದ ಕಡೆ ಇನ್ನೊಂದನ್ನು ಬೆಳೆಯಗೊಡುವುದಿಲ್ಲ.

ತಿನ್ನುವ ಮಾತಿಗೆ ಮೊದಲು ತಿನ್ನಬಾರದ್ದರ ಮಾತು ಆಗಬೇಕು. ಎಲ್ಲಕ್ಕಿಂತ ಮುಂದೆ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಇದು ಮೊದಲು ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತೆಂಬುದು ಸಾಮಾನ್ಯ ನಂಬಿಕೆ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. 1984ರಲ್ಲಿ ಇದನ್ನು ತಿನ್ನಲೆಂದೇ ಮೆಕ್ಸಿಕೋ ಮೂಲದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆಗಳನ್ನು ಜರಡಿ ಮಾಡುವ, ಬಿಳಿಯ ಮೈಮೇಲೆ ಕಂದು ಗೆರೆಗಳಿರುವ ಆ ಹುಳುವನ್ನು ನೀವೂ ನೋಡಿರುತ್ತೀರಿ. ಈ ಗಿಡವನ್ನು ಮುಟ್ಟಿದರೆ ಚರ್ಮ ಕೆರಳುತ್ತದೆ, ಪರಾಗ ಉಸಿರಿಗೆ ಹೋದರೆ ಉಬ್ಬಸ ಬರುತ್ತದೆ, ಮೇಯ್ದ ದನದ ಹಾಲು ಕಹಿಯಾಗುತ್ತದೆ.

ಸಭೆಯಲ್ಲಿದ್ದ ಒಬ್ಬ ವಿದ್ಯಾರ್ಥಿ ಕೇಳಿದ: "ಮೇಡಂ, ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದರೆ ಅದರ ವಿಷ ಹೋಗುವುದಿಲ್ಲವೇ?" ಇಲ್ಲ ಮಗು. ಎಷ್ಟು ಬೇಯಿಸಿದರೂ ಅದು ಆಹಾರವಲ್ಲ. ಹೂ ಬಿಡುವ ಮೊದಲು ಕೈಗವಸು ಹಾಕಿಕೊಂಡು ಕಿತ್ತು ಗೊಬ್ಬರದ ಗುಂಡಿಗೆ ಹಾಕು. ಅದಕ್ಕಿರುವ ಉಪಯೋಗ ಅಷ್ಟೇ. ಅದರ ಎಳೆಸಸಿ ನೆಲಕ್ಕೆ ಅಂಟಿಕೊಂಡು ಸೀಳುಸೀಳಾದ ಎಲೆಗಳನ್ನು ಹರಡಿಕೊಂಡಿರುತ್ತದೆ. ಬೆರಕೆ ಸೊಪ್ಪು ಕೊಯ್ಯುವಾಗ ಅವಸರದಲ್ಲಿ ಮಡಿಲಿಗೆ ಸೇರದಂತೆ ನೋಡಿಕೊಳ್ಳಬೇಕಾದದ್ದು ಅದನ್ನೇ.

ಎರಡನೆಯದು ಅರಿಶಿನ ದತ್ತೂರಿ. ಮೆಕ್ಸಿಕೋದಿಂದ ಬಂದದ್ದು. ಬಿಳಿ ಗೆರೆಗಳಿರುವ ಮುಳ್ಳು ಎಲೆ, ಹಳದಿ ಹೂವು, ಮುರಿದರೆ ಹಳದಿ ಹಾಲು. ಇದರ ಬೀಜ ಸಾಸಿವೆಯನ್ನೇ ಹೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು ಕಾಲು ಬಾವು, ಹೃದಯದ ತೊಂದರೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ಬೆಳ್ಳನೆಯ ತುತ್ತೂರಿ ಹೂವಿನ ಉಮ್ಮತ್ತಿ ಇನ್ನೊಂದು. ಅದರ ಎಳೆ ಎಲೆ ಸೊಪ್ಪಿನ ಕಂತೆಯಲ್ಲಿ ಕಲೆತರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮನುಷ್ಯ ಭ್ರಮೆಗೆ ಬೀಳುತ್ತಾನೆ. ಲಂಟಾನದ ಎಲೆ ಮೇಯ್ದ ದನಗಳಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಅದರ ಕಪ್ಪು ಹಣ್ಣನ್ನು ಮಕ್ಕಳು ತಿನ್ನುವುದುಂಟು. ಹಸಿರು ಕಾಯಿ ವಿಷ. ಹಣ್ಣು ಯಾವುದು, ದೋರೆ ಯಾವುದು ಎಂದು ಆಡುವ ಮಕ್ಕಳು ಆರಿಸಿ ತಿನ್ನುತ್ತಾರೆಂದು ನಂಬುವಂತಿಲ್ಲ, ಆದ್ದರಿಂದ ಎರಡೂ ಬೇಡ. ಲಂಟಾನದ ಕಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಾರೆ. ಆ ಗಿಡ ಕುಡುಗೋಲಿಗೆ ತಕ್ಕದ್ದು, ಪಾತ್ರೆಗಲ್ಲ.

ಇನ್ನು ತಿನ್ನಬಹುದಾದವು. ಕೋಟೆಯ ಊರಿನಲ್ಲಿ ನಿಂತು ಪಾಪಸುಕಳ್ಳಿಯಿಂದ ಆರಂಭಿಸದಿದ್ದರೆ ಹೇಗೆ? ನಮ್ಮ ಬಂಡೆಗುಡ್ಡಗಳ ಸಂದಿಗಳಲ್ಲಿ, ಹಳೆಯ ಬೇಲಿಗಳಲ್ಲಿ ನಿಂತಿರುವ ಈ ಕಳ್ಳಿ ಅನಾದಿಯಿಂದ ಇಲ್ಲಿಯದೇ ಎನ್ನುವಷ್ಟು ಒಗ್ಗಿಹೋಗಿದೆ. ಅದೂ ಅಮೆರಿಕ ಖಂಡದ್ದೇ. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಕಂಪನಿ ವೈದ್ಯ ಪಾಪಸುಕಳ್ಳಿಯ ತೋಟವನ್ನೇ ಬೆಳೆಸಿದ. ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನಿಂದ ಕೆಂಪು ಬಣ್ಣ ತೆಗೆಯುತ್ತಾರೆ. ಆ ಬಣ್ಣದ ವ್ಯಾಪಾರ ಸ್ಪೇನ್ ದೇಶದವರ ಮುಷ್ಟಿಯಲ್ಲಿತ್ತು, ಇಂಗ್ಲಿಷರಿಗೆ ಅದು ಬೇಕಾಗಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ಬಂತು. ಆದರೆ ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ. ಅದು ಬಣ್ಣ ಕೊಡುವ ಬದಲು ಒಂದು ಜಾತಿಯ ಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ಉಳಿದ ಜಾತಿಗಳು ದಕ್ಷಿಣ ಭಾರತದ ಒಣಸೀಮೆಯಲ್ಲಿ ಹೊಲಗಳನ್ನೇ ನುಂಗುವಷ್ಟು ಹಬ್ಬಿದವು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್‌ನ ಇನ್ನೊಂದು ಜಾತಿಯನ್ನು ತರಿಸಿ ಬಿಟ್ಟ ಮೇಲೆ ಅವು ಹದ್ದುಬಸ್ತಿಗೆ ಬಂದವು. ಇಂದು ನಮಗೆ ಕಾಣುವುದು ಆ ಕಾಳಗದಲ್ಲಿ ಉಳಿದ ಗಿಡಗಳು. ಕಳ್ಳಿಯ ಹಾಳೆಯ ಮೇಲೆ ಬಿಳಿ ಅರಳೆಯಂಥದ್ದು ಕಂಡರೆ ಬೆರಳಿನಿಂದ ಒರೆಸಿ ನೋಡಿ, ಕೆಂಪಾಗುತ್ತದೆ. ಆ ಹುಳುವಿಗೆ ಔಷಧಿ ಹೊಡೆಯಬೇಡಿ, ಅದು ನಮ್ಮ ಕೆಲಸವನ್ನೇ ಮಾಡುತ್ತಿದೆ.

ಹಣ್ಣಿನ ವಿಷಯಕ್ಕೆ ಬರೋಣ. ಮೊದಲ ಪರೀಕ್ಷೆ ಹಾಲು. ಬೊಂತೆಗಳ್ಳಿ, ಮುಂಡುಗಳ್ಳಿಯಂಥ ಬೇರೆ ಕಳ್ಳಿಗಳನ್ನು ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪಾಪಸುಕಳ್ಳಿಯಲ್ಲಿ ಹಾಲಿಲ್ಲ, ನೀರಿನಂಥ ಲೋಳೆ ಮಾತ್ರ. ಹಾಲು ಬಂದರೆ ಅಲ್ಲಿಗೇ ಬಿಡಿ. ಎರಡನೆಯ ಎಚ್ಚರಿಕೆ ಮುಳ್ಳು. ಕಣ್ಣಿಗೆ ಕಾಣುವ ಉದ್ದ ಮುಳ್ಳು ಅಷ್ಟು ಕೆಟ್ಟದ್ದಲ್ಲ. ಹಣ್ಣಿನ ಮೈಮೇಲೆ ಚುಕ್ಕೆಚುಕ್ಕೆಯಾಗಿ ಕೂತಿರುವ, ಕೂದಲಿಗಿಂತ ಸಣ್ಣ ಮುಳ್ಳುಗಳು ನಾಲಿಗೆಗೆ, ಗಂಟಲಿಗೆ ಹೊಕ್ಕರೆ ದಿನಗಟ್ಟಲೆ ಚುಚ್ಚುತ್ತವೆ. ಪೂರ್ತಿ ಕೆಂಪಾದ ಹಣ್ಣನ್ನು ಇಕ್ಕಳದಿಂದ ತಿರುಚಿ ತೆಗೆಯಿರಿ. ಸೌದೆ ಒಲೆಯ ಉರಿಯಲ್ಲಿ ಎಲ್ಲ ಮಗ್ಗುಲೂ ಸುಡುವಂತೆ ಹೊರಳಿಸಿ, ಮುಳ್ಳು ಚಟಪಟ ಎಂದು ಸುಟ್ಟುಹೋಗುತ್ತದೆ. ನೀರಿನೊಳಗೆ ಹಿಡಿದು ತೆಂಗಿನ ನಾರಿನಿಂದ ಉಜ್ಜಿ. ಆಮೇಲೆ ಎರಡು ತುದಿ ಕತ್ತರಿಸಿ, ಉದ್ದಕ್ಕೆ ಒಂದು ಗೀರು ಹಾಕಿ ಸಿಪ್ಪೆ ಬಿಡಿಸಿ. ಒಳಗಿನ ತಿರುಳನ್ನು ಕಿವುಚಿ ದಪ್ಪ ಬಟ್ಟೆಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಬೇಕು. ಆ ಗಾಢ ಕೆಂಪು ರಸಕ್ಕೆ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು, ನಿಂಬೆರಸ ಹಾಕಿದರೆ ಬೇಸಿಗೆಗೆ ಸೊಗಸಾದ ಪಾನಕ. ಹುಣಸೆ, ಬೆಲ್ಲ, ಹುರಿದ ಮೆಣಸಿನಕಾಯಿ ಸೇರಿಸಿ ಗಟ್ಟಿಯಾಗುವ ತನಕ ಕುದಿಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಗೊಜ್ಜು. ಜೋಳದ ರೊಟ್ಟಿಗೆ ನನಗೆ ಇದೇ ಹೆಚ್ಚು ಇಷ್ಟ. ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಬೀಟ್‌ರೂಟ್ ತಿಂದಾಗ ಆಗುವುದೂ ಇದೇ. ಬೀಜವನ್ನು ಮಾತ್ರ ನುಂಗಬೇಡಿ. ಗಟ್ಟಿ ಬೀಜ ಹೆಚ್ಚು ಹೋದರೆ ಕರುಳಿನಲ್ಲಿ ಗಂಟಾಗುತ್ತದೆ, ಅದರಲ್ಲೂ ಮಕ್ಕಳಿಗೆ.

ಸೋಸಿ ಉಳಿದ ಬೀಜವನ್ನು ಹಿತ್ತಿಲಿಗೆ ಎಸೆದರೆ ನಾವು ಮಾಡಿದ್ದು ಬಿತ್ತನೆ. ಹಕ್ಕಿಗಳು ಮಾಡುವ ಕೆಲಸವನ್ನು ನಾವು ಮಾಡಿದಂತಾಯಿತು. ಬೀಜ, ಸಿಪ್ಪೆ ಎಲ್ಲವೂ ಒಲೆಗೆ ಹೋಗಬೇಕು. ಕಳ್ಳಿಯ ಹಾಳೆಯ ಒಂದು ತುಂಡು ನೆಲಕ್ಕೆ ತಾಗಿದರೂ ಬೇರು ಬಿಡುತ್ತದೆ. ಹಣ್ಣು ಕೀಳುವಾಗ ಉದುರಿದ ಹಾಳೆಗಳನ್ನು ಒಟ್ಟುಮಾಡಿ, ಬಂಡೆಯ ಮೇಲೆ ಪೂರ್ತಿ ಒಣಗಿಸಿ ಸುಟ್ಟ ಮೇಲೆಯೇ ಅಲ್ಲಿಂದ ಹೊರಡಬೇಕು. ಮೆಕ್ಸಿಕೋದಲ್ಲಿ ಎಳೆ ಹಾಳೆಯನ್ನೂ ಪಲ್ಯ ಮಾಡುತ್ತಾರೆ, ಆದರೆ ಅವರ ಅಡುಗೆಮನೆಯದು ಬಹುಮಟ್ಟಿಗೆ ಮುಳ್ಳು ಕಡಿಮೆಯಿರುವ ಬೇರೆ ಜಾತಿ. ನಮ್ಮ ಗುಡ್ಡದ ಮುಳ್ಳುಗಳ್ಳಿಯ ಹಾಳೆಯನ್ನು ತಿನ್ನಲು ನಾನು ಯಾರಿಗೂ ಹೇಳುವುದಿಲ್ಲ.

ಬಳ್ಳಾರಿ ಜಾಲಿಯ ಮಾತೆತ್ತಿದರೆ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ರೈತರ ಮುಖದಲ್ಲಿ ಸಿಟ್ಟು ಕಾಣುತ್ತದೆ. ಆ ಸಿಟ್ಟು ನ್ಯಾಯವಾದದ್ದು. ವೇದಾವತಿಯ ದಂಡೆ, ಕೆರೆಯಂಗಳ, ಹಳ್ಳದ ಪಾತ್ರ, ಪಾಳು ಹೊಲ ಎಲ್ಲವನ್ನೂ ಅದು ಮುಚ್ಚಿದೆ. ಚಳ್ಳಕೆರೆಯ ಅಮೃತ್ ಮಹಲ್ ಕಾವಲಿನಂಥ ಹುಲ್ಲುಗಾವಲಿನಲ್ಲಿ ಜಾಲಿ ದಟ್ಟವಾದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಕುರಿ, ದನ, ಕೃಷ್ಣಮೃಗ ಯಾವುದಕ್ಕೂ ನೆಲೆಯಿಲ್ಲ. ಇದನ್ನು ಯಾರೂ ಕದ್ದು ತಂದದ್ದಲ್ಲ. 1877ರಲ್ಲಿ ಜಮೈಕಾದ ಬೀಜ ತರಿಸಿ ಕಡಪ ಸೀಮೆಯಲ್ಲಿ ನೆಟ್ಟರು, ಸೌದೆಗಾಗಿ, ಬರಗಾಲದ ನೆಲವನ್ನು ಹಸಿರು ಮಾಡುವುದಕ್ಕಾಗಿ. ಗುಜರಾತಿನ ಕಚ್ಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯೇ ನೆಟ್ಟಿತು. ಉಪ್ಪು ತಡೆಯಲು ನೆಟ್ಟದ್ದು ಇಂದು ಆ ಹುಲ್ಲುಗಾವಲಿನ ಬಹುಭಾಗವನ್ನು ನುಂಗಿದೆ. ಒಳ್ಳೆಯ ಉದ್ದೇಶ, ಒಳ್ಳೆಯ ಉಪಯೋಗ ಎರಡೂ ಇದ್ದೇ ಈ ಗತಿ ಬಂತು ಎಂಬುದನ್ನು ನೆನಪಿಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಜಾಲಿಯ ಹಣ್ಣಾದ ಕಾಯಿ ಸಿಹಿ. ಕುರಿ ಕಾಯುವ ಹುಡುಗರು ಅಗಿಯುವುದು ಎಲ್ಲರಿಗೂ ಗೊತ್ತು. ಪೆರು ದೇಶದಲ್ಲಿ ಇದರ ಸಮೀಪದ ಜಾತಿಯ ಕಾಯಿಯಿಂದ ಕಾಕಂಬಿಯಂಥ ಪಾಕ ಮಾಡುತ್ತಾರೆ, ಮೆಕ್ಸಿಕೋ ಮತ್ತು ಅಮೆರಿಕದ ಒಣಸೀಮೆಯ ಮೂಲನಿವಾಸಿಗಳು ಜಾಲಿ ಜಾತಿಗಳ ಹಿಟ್ಟನ್ನು ಆಹಾರವಾಗಿ ಬಳಸಿದವರು. ದನ, ಆಡು ಕಾಯಿ ತಿಂದಾಗ ಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಯ ಜೊತೆ ಹೊರಬಂದು ಮೊಳೆಯುತ್ತದೆ. ಗೋಮಾಳಗಳಲ್ಲಿ ಜಾಲಿ ಹಬ್ಬಿದ ದಾರಿ ಅದೇ. ಕಾಯಿಯನ್ನು ಮರದಿಂದಲೇ ಕೊಯ್ದು ಹಿಟ್ಟು ಮಾಡಿಬಿಟ್ಟರೆ ಆ ದಾರಿ ಕಡಿಯುತ್ತದೆ. ನನ್ನ ಮಟ್ಟಿಗೆ ಜಾಲಿ ಹಿಟ್ಟಿನ ಪ್ರಯೋಜನ ರುಚಿಗಿಂತ ಹೆಚ್ಚಾಗಿ ಇಲ್ಲಿದೆ.

ನೆಲಕ್ಕೆ ಬಿದ್ದದ್ದು ಬೇಡ. ತೇವ ತಾಗಿದ ಕಾಯಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಶೇಂಗಾದಲ್ಲಿ ಆಗುವಂತೆ ಬೂಷ್ಟಿನ ವಿಷ ಸೇರುತ್ತದೆ. ಹಳದಿಯಾಗಿ ಒಣಗುತ್ತಿರುವ ಕಾಯಿಯನ್ನು ಮರದಲ್ಲೇ ಕಚ್ಚಿ ನೋಡಿ, ಕಹಿ ಅಥವಾ ಒಗರು ಇದ್ದರೆ ಉಗಿದು ಇನ್ನೊಂದು ಮರಕ್ಕೆ ಹೋಗಿ. ಮರದಿಂದ ಮರಕ್ಕೆ ಸಿಹಿ ಬೇರೆ. ತೊಳೆದು, ಬಿಸಿಲಿನಲ್ಲಿ ಮುರಿದರೆ ಟಕ್ಕೆನ್ನುವಷ್ಟು ಒಣಗಿಸಿ, ಬಾಣಲೆಯಲ್ಲಿ ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯಿರಿ. ಹಿಟ್ಟು ಕೆಳಗಿಳಿಯುತ್ತದೆ, ಗಟ್ಟಿ ಬೀಜ ಮೇಲುಳಿಯುತ್ತದೆ. ಆ ಬೀಜ ಒಲೆಗೆ. ಹಿಟ್ಟನ್ನು ರಾಗಿ ಹಿಟ್ಟಿಗೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆರೆಸಬೇಡಿ. ಅಂಬಲಿಗೆ, ಸಿಹಿ ರೊಟ್ಟಿಗೆ ಅಷ್ಟು ಸಾಕು, ಬೆಲ್ಲ ಉಳಿಯುತ್ತದೆ. ಬ್ರೆಜಿಲ್‌ನಲ್ಲಿ ಜಾಲಿಯ ಕಾಯಿಯನ್ನೇ ಮುಖ್ಯ ಮೇವಾಗಿ ತಿಂಗಳುಗಟ್ಟಲೆ ತಿಂದ ದನಗಳ ದವಡೆಯ ನರ ಹಾಳಾಗಿ, ಮೇವು ಅಗಿಯಲಾಗದೆ ಬಡಕಲಾದದ್ದು ದಾಖಲಾಗಿದೆ. ಹಾಗಾಗಿ ಮನುಷ್ಯರಿಗೂ ಇದು ಅಪರೂಪದ ತಿನಿಸಾಗಿಯೇ ಇರಲಿ, ದಿನದ ಊಟವಾಗಬಾರದು. ನರಕ್ಕೆ ಕೇಡು ಮಾಡುವ ವಸ್ತುಗಳು ಎಲೆಯಲ್ಲೂ ಇವೆ, ಎಲೆಯನ್ನು ಮುಟ್ಟಲೇಬೇಡಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡ.

ಇನ್ನೊಂದು ಮಾತು. ವಿಜಯದಶಮಿಗೆ ನಾವು ಪೂಜಿಸುವ ಬನ್ನಿ ಮರ ಇದೇ ಜಾಲಿಯ ಹತ್ತಿರದ ಬಂಧು, ಆದರೆ ನಮ್ಮ ನೆಲದ್ದು. ಜಾಲಿ ಕಡಿಯುವ ಉತ್ಸಾಹದಲ್ಲಿ ಎಳೆ ಬನ್ನಿಗೆ ಕೊಡಲಿ ಬೀಳಬಾರದು. ಜಾಲಿಯ ಮುಳ್ಳು ಎಲೆಯ ಬುಡದಲ್ಲಿ ಉದ್ದವಾಗಿ, ಹೆಚ್ಚಾಗಿ ಜೋಡಿಯಾಗಿ ಇರುತ್ತದೆ. ಬನ್ನಿಯ ಮುಳ್ಳು ಗಿಡ್ಡ, ಗೆಣ್ಣುಗಳ ನಡುವೆ ಕಾಂಡದ ಉದ್ದಕ್ಕೂ ಚದುರಿರುತ್ತದೆ. ಕಡಿಯುವ ಮುನ್ನ ಕೊಂಬೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ.

ಈಗ ಕೆರೆಗೆ ಹೋಗೋಣ. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ಬಾಣಂತಿಯರಿಗೂ ಕೊಡುವ ಮನೆಗಳಿವೆ. ಅದಕ್ಕೊಬ್ಬ ದಾಯಾದಿ ದಕ್ಷಿಣ ಅಮೆರಿಕದಿಂದ ಬಂದಿದೆ. ಅಲಿಗೇಟರ್ ವೀಡ್ ಎಂದು ಕರೆಯುವ ಆ ಗಿಡ ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡು ಕೆರೆಗೆ ಬೆಳಕು, ಗಾಳಿ ತಡೆಯುತ್ತದೆ. ಎಲೆ ನೋಡಿದರೆ ಹೊನಗೊನೆಯೇ. ಶ್ರೀಲಂಕಾದವರು ಹೊನಗೊನೆಯನ್ನು ಮುಕುನುವೆನ್ನ ಎಂದು ಕರೆದು ಬಹಳ ಇಷ್ಟಪಟ್ಟು ತಿನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಆ ದೇಶದ ಕುಟುಂಬಗಳು ಹಿತ್ತಿಲಿನಲ್ಲಿ ಮುಕುನುವೆನ್ನ ಎಂದುಕೊಂಡು ಅಲಿಗೇಟರ್ ವೀಡನ್ನೇ ಪ್ರೀತಿಯಿಂದ ಬೆಳೆಸುತ್ತಿದ್ದುದು 1990ರ ದಶಕದಲ್ಲಿ ಬೆಳಕಿಗೆ ಬಂತು. ಅಲ್ಲಿನ ಸರ್ಕಾರ ಮನೆಮನೆಗೆ ಹೋಗಿ ಅದನ್ನು ತೆಗೆಸಿತು. ನನಗೆ ಬಹಳ ಹಿಡಿಸಿದ್ದು ಮುಂದಿನದು. ಬರಿಗೈಯಲ್ಲಿ ಬಿಡದೆ, ಆಸ್ಟ್ರೇಲಿಯಾದ್ದೇ ಆದ, ಅದೇ ಕುಲದ ಇನ್ನೊಂದು ಸೊಪ್ಪಿನ ಗಿಡವನ್ನು ಅವರಿಗೆ ಬದಲಾಗಿ ಕೊಟ್ಟರು. ತಿನ್ನುವವರ ನಾಲಿಗೆಯನ್ನು ಗೌರವಿಸಿ ಕಳೆಯನ್ನು ಹೊರಹಾಕುವ ದಾರಿ ಅದು.

ಗುರುತು ಹಿಡಿಯುವುದು ಕಷ್ಟವಲ್ಲ, ಹೂ ಬರುವ ತನಕ ತಾಳ್ಮೆ ಬೇಕು ಅಷ್ಟೇ. ಹೊನಗೊನೆಯ ಬಿಳಿ ಹೂಗೊಂಚಲು ಸಣ್ಣದು, ತೊಟ್ಟಿಲ್ಲದೆ ಎಲೆಯ ಕಂಕುಳಲ್ಲಿ ಅಂಟಿಕೊಂಡಿರುತ್ತದೆ. ಆಕ್ರಮಣಕಾರಿಯದು ಉದ್ದ ತೊಟ್ಟಿನ ತುದಿಯಲ್ಲಿ ಒಂಟಿಯಾಗಿ ನಿಲ್ಲುವ, ಕಾಗದದಂಥ ಬಿಳಿ ಹೂಚೆಂಡು. ನೀರಿನಲ್ಲಿ ಬೆಳೆದ ಅದರ ಕಾಂಡ ಒಳಗೆ ಟೊಳ್ಳು. ಅದು ವಿಷವಲ್ಲದಿದ್ದರೂ ನೀರಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ತುಂಬಿಕೊಳ್ಳುತ್ತದೆ. ಊರಿನ ಚರಂಡಿ ಸೇರುವ ಕೆರೆಯಿಂದ ಅದನ್ನಾಗಲಿ, ಒಳ್ಳೆಯ ಹೊನಗೊನೆಯನ್ನಾಗಲಿ ಕೊಯ್ಯಬೇಡಿ. ಅಂತರಗಂಗೆಯೂ ಹಾಗೆಯೇ. ಅದು ಗೊಬ್ಬರಕ್ಕೆ ಸಾಕು.

ಅಡುಗೆಯ ದೃಷ್ಟಿಯಿಂದ ನನಗೆ ಹೆಚ್ಚು ಭರವಸೆಯಿರುವುದು ಮುಳ್ಳು ಹರಿವೆಯಲ್ಲಿ. ಉಷ್ಣವಲಯದ ಅಮೆರಿಕದಿಂದ ಬಂದು ತಿಪ್ಪೆ, ದನದ ಕೊಟ್ಟಿಗೆ, ತರಕಾರಿ ತೋಟ ಎಲ್ಲೆಂದರಲ್ಲಿ ಏಳುವ ಕಳೆ. ಕೆಂಪು ಕಾಂಡ, ಪ್ರತಿ ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಗೇಣುದ್ದ ಇರುವಾಗ ಮುಳ್ಳು ಇನ್ನೂ ಮೆತ್ತಗಿರುತ್ತದೆ, ಹೂತೆನೆ ಬಂದಿರುವುದಿಲ್ಲ. ಆಗಲೇ ಬೇರುಸಮೇತ ಕಿತ್ತು, ಬೇರನ್ನು ಬಿಸಿಲಿಗೆ ಎಸೆದು, ಎಲೆ ಮತ್ತು ತುದಿಯನ್ನು ಬಿಡಿಸಿಕೊಳ್ಳಿ. ನಮ್ಮ ಹರಿವೆಯ ರುಚಿಯೇ, ಸ್ವಲ್ಪ ಗಡಸು.

ಇಲ್ಲಿ ಒಂದು ಮುಖ್ಯ ಮಾತು, ಅಡುಗೆ ಮಾಡುವವರೆಲ್ಲ ಕೇಳಿಸಿಕೊಳ್ಳಬೇಕು. ನಮ್ಮ ಬಸ್ಸಾರಿನ ಜೀವವೇ ಸೊಪ್ಪು ಬೇಯಿಸಿದ ನೀರು. ಆ ನೀರನ್ನು ಬಸಿದು ಸಾರು, ಉಳಿದ ಸೊಪ್ಪಿನಲ್ಲಿ ಪಲ್ಯ. ಮಾರುಕಟ್ಟೆಯ ಸೊಪ್ಪಿಗೆ, ಗೊತ್ತಿರುವ ಹೊಲದ ಬೆರಕೆ ಸೊಪ್ಪಿಗೆ ಅದು ಸರಿ. ಮುಳ್ಳು ಹರಿವೆಯಂಥ ಕಳೆಗೆ ಬಸ್ಸಾರು ಮಾಡಬೇಡಿ. ಈ ಗಿಡದಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವವರಿಗೆ ಅದು ಕೇಡು. ಯೂರಿಯಾ ಬಿದ್ದ ಹೊಲದಲ್ಲಿ, ತಿಪ್ಪೆಯ ಮೇಲೆ ಬೆಳೆದರೆ ನೈಟ್ರೇಟ್ ಕೂಡ ತುಂಬಿಕೊಳ್ಳುತ್ತದೆ. ಎರಡೂ ಬಹುಮಟ್ಟಿಗೆ ನೀರಿಗೆ ಇಳಿಯುತ್ತವೆ. ಧಾರಾಳ ನೀರಿನಲ್ಲಿ ಮುಚ್ಚಳ ತೆಗೆದು ಬೇಯಿಸಿ, ಆ ನೀರನ್ನು ಚೆಲ್ಲಿ, ಸೊಪ್ಪನ್ನು ಹಿಂಡಿ. ತೊಗರಿಬೇಳೆಯನ್ನು ಬೇರೆಯೇ ಬೇಯಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಟೊಮೇಟೊ, ಹಿಂಡಿದ ಸೊಪ್ಪು ಎಲ್ಲವನ್ನೂ ಸೇರಿಸಿ ಕಡೆಗೋಲಿನಿಂದ ಮಸೆದು, ಹುಣಸೆರಸ ಬಿಟ್ಟು, ಜೀರಿಗೆ ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು. ಬಿಸಿ ಮುದ್ದೆಗೆ ಇದಕ್ಕಿಂತ ಜೊತೆ ಬೇಡ. ಬಸ್ಸಾರೇ ಬೇಕೆಂದು ಹಠವಿದ್ದರೆ ಹುರುಳಿ ಕಟ್ಟಿನಲ್ಲಿ ಸಾರು ಮಾಡಿ, ಸೊಪ್ಪನ್ನು ಪಲ್ಯಕ್ಕೆ ಮಾತ್ರ ಹಾಕಿ.

ತಗಚೆ ಕೊಯ್ಯುವವರಿಗೆ ಇನ್ನೊಂದು ಎಚ್ಚರಿಕೆ. ಪಾರ್ಥೇನಿಯಂ ಹತ್ತಿಕ್ಕಲೆಂದು ತಗಚೆಯ ಕುಲದ್ದೇ ಆದ ಒಂದು ಅಮೆರಿಕದ ಗಿಡವನ್ನು ನಮ್ಮ ರ‍ಾಜ್ಯದಲ್ಲಿ ಬೇಕೆಂದೇ ಎರಚಿದ ಕಾಲವಿತ್ತು. ಈಗ ಅದೇ ರಸ್ತೆಬದಿಯ ಕಳೆ. ತಗಚೆಯ ಕಾಯಿ ತೆಳ್ಳಗೆ, ಉದ್ದಕ್ಕೆ, ಬಾಗಿಕೊಂಡಿರುತ್ತದೆ. ಇದರ ಕಾಯಿ ಗಿಡ್ಡ, ಬೀಜಬೀಜಕ್ಕೂ ನಡು ಸಣ್ಣಗಾಗಿ ರೋಮ ತುಂಬಿರುತ್ತದೆ. ಈ ಎರಡನೆಯದು ಅಡುಗೆಗೆ ಬೇಡ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ತಾಯಿ ಎದ್ದು ಕೇಳಿದರು: "ನಮ್ಮ ಹೊಲದಲ್ಲಿ ಮೊದಲು ಎಷ್ಟೊಂದು ಅಣ್ಣೆ ಸೊಪ್ಪು ಬರುತ್ತಿತ್ತಮ್ಮ. ಈಗ ಏಕೆ ಇಲ್ಲ?" ಅಜ್ಜಿ, ನಿಮ್ಮ ಪ್ರಶ್ನೆಯೇ ಈ ಇಡೀ ವಿಷಯದ ಕರುಳು. ಜೋಳ, ರಾಗಿ, ಶೇಂಗಾ, ಅಕ್ಕಡಿ ಸಾಲುಗಳಿದ್ದಾಗ ಕಳೆಯನ್ನು ಕೈಯಲ್ಲಿ ತೆಗೆಯುತ್ತಿದ್ದಿರಿ, ಅಣ್ಣೆ ಬದುವಿನಲ್ಲಾದರೂ ಉಳಿಯುತ್ತಿತ್ತು. ಈಗ ಮೆಕ್ಕೆಜೋಳ ಬಿತ್ತಿದ ಬೆನ್ನಿಗೇ ಅಟ್ರಾಜಿನ್ ಎಂಬ ಕಳೆನಾಶಕ ಹೊಡೆಯುತ್ತಾರೆ. ಅಗಲ ಎಲೆಯ ಸಸಿಗಳು ಮೊಳೆಯುವಾಗಲೇ ಸಾಯುತ್ತವೆ. ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟಗಳಿಗೆ ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕ ಬಂದಿದೆ. ನಮ್ಮ ಸೊಪ್ಪುಗಳು ಹೋದ ಖಾಲಿ ಜಾಗಕ್ಕೆ ಮೊದಲು ಬರುವುದು ಪಾರ್ಥೇನಿಯಂ. ಕಳೆನಾಶಕ ಹೊಡೆದ ಹೊಲದಿಂದ ಆ ಹಂಗಾಮಿನಲ್ಲಿ ಯಾವ ಸೊಪ್ಪನ್ನೂ ತರಬೇಡಿ. ಬಾಡದೆ ಚೆನ್ನಾಗಿ ಕಂಡರೂ ತರಬೇಡಿ. ಹೊಲದವರನ್ನು ಕೇಳದೆ ಕಾಲಿಡಬೇಡಿ, ಏನು ಹೊಡೆದಿದ್ದಾರೆ ಎಂದು ತಿಳಿಯುವುದಕ್ಕಾದರೂ ಕೇಳಲೇಬೇಕು. ಹೆದ್ದಾರಿಯ ಬದಿ, ಇಂಗಳದಾಳಿನ ಹಳೆಯ ತಾಮ್ರದ ಗಣಿಯಂಥ ಕಡೆಯ ಮಣ್ಣುರಾಶಿ, ಹೊಳಲ್ಕೆರೆ ಕಡೆಯ ಅದಿರು ಲಾರಿಗಳ ದೂಳು ಕೂರುವ ದಾರಿ ಇವೂ ಸೊಪ್ಪಿಗೆ ತಕ್ಕ ಜಾಗಗಳಲ್ಲ.

ಜೋಗಿಮಟ್ಟಿಯ ಕಾಡಿನಲ್ಲಿ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಲ್ಲಿ ಗಿಡ ಯಾವುದೇ ಇರಲಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೀಳುವಂತಿಲ್ಲ. ಆಕ್ರಮಣಕಾರಿ ಗಿಡವೆಂಬ ಸಮರ್ಥನೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಕೈಜೋಡಿಸಬೇಕೆಂದರೆ ಇಲಾಖೆಯ ಮೂಲಕವೇ ಹೋಗಬೇಕು. ಊರಿನ ಗೋಮಾಳದ್ದಾದರೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಅದು ಇರಲೇಬೇಕು. ಎಷ್ಟೋ ಕಡೆ ಅದು ಕಾಗದದ ಮೇಲಷ್ಟೇ ಇದೆ ಎಂಬ ದುಃಖ ನನ್ನದು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ಯಾವ ಕಳೆ ಎಲ್ಲಿ ಯಾವ ತಿಂಗಳು ಹೂ ಬಿಡುತ್ತದೆ ಎಂಬುದನ್ನು ಆ ಸಮಿತಿ ಇಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿ.

ಮತ್ತೆ ಬರುತ್ತೇನೆಂದ ಮಾತಿಗೆ ಬಂದೆ. ಸ್ವಸಹಾಯ ಸಂಘದ ಒಬ್ಬ ಸದಸ್ಯೆ ಕೇಳಿದರು: ಜಾಲಿ ಹಿಟ್ಟು, ಕಳ್ಳಿ ಪಾನಕ ಮಾಡಿ ಮಾರಬಹುದೇ, ನಾಲ್ಕು ಕಾಸು ಬರುತ್ತದಲ್ಲ? ಹೆಣ್ಣುಮಕ್ಕಳ ಕೈಗೆ ಕಾಸು ಬರುವುದನ್ನು ನಾನು ಬೇಡ ಎನ್ನುವವಳಲ್ಲ. ಆದರೆ ಈ ಗಿಡಗಳ ಚರಿತ್ರೆ ಏನು ಹೇಳುತ್ತದೆ ನೋಡಿ. ಕಳ್ಳಿ ಬಣ್ಣದ ಆಸೆಗೆ ಬಂತು. ಜಾಲಿ ಸೌದೆಗೆ ಬಂತು, ಇಂದು ಅದರ ಇದ್ದಿಲನ್ನೇ ನಂಬಿದ ಭೂಮಿಯಿಲ್ಲದ ಕುಟುಂಬಗಳು ಎಷ್ಟೋ ಇವೆ. ಅವರ ಒಲೆ ಉರಿಯುವುದು ಜಾಲಿಯಿಂದ, ಆದ್ದರಿಂದ ಜಾಲಿ ಪೂರ್ತಿ ಹೋಗಬೇಕೆಂದು ಅವರನ್ನು ಕೇಳುವ ಧೈರ್ಯ ನನಗಿಲ್ಲ. ಬೆಲೆ ಬಂದ ಗಿಡವನ್ನು ಯಾರೂ ಬೇರಿನಿಂದ ಕೀಳುವುದಿಲ್ಲ. ಮುಂದಿನ ವರ್ಷಕ್ಕೆಂದು ಉಳಿಸುತ್ತಾರೆ, ಒಂದು ಹೆಜ್ಜೆ ಮುಂದೆ ಹೋಗಿ ನೆಡುತ್ತಾರೆ. ಮಾರುವುದಾದರೆ ಒಂದು ಷರತ್ತು ಹಾಕಿಕೊಳ್ಳಿ. ಯಾವ ಜಾಗದ ಗಿಡವೆಂದು ಮೊದಲೇ ಗುರುತಿಸಿ, ಆ ಜಾಗ ಖಾಲಿಯಾದ ಮೇಲೆ ಆ ವ್ಯಾಪಾರ ಮುಗಿಯಬೇಕು. ಆ ನೆಲದಲ್ಲಿ ಹುಲ್ಲು, ಅಣ್ಣೆ, ಬನ್ನಿ, ತಂಗಡಿ ಏಳುವಂತೆ ನೋಡಿಕೊಳ್ಳುವ ಖರ್ಚನ್ನು ಅದೇ ಲಾಭದಿಂದ ಹೊರಿ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಹತ್ತು ಕವಲಾಗಿ ಚಿಗುರುತ್ತದೆ, ನೆಲದ ಕೆಳಗೆ ಸುಮಾರು ಒಂದು ಅಡಿ ಅಗೆದು ಬೇರಿನ ಬುಡವನ್ನು ತೆಗೆಯಬೇಕು. ಆ ಕೂಲಿಯೂ ಲೆಕ್ಕಕ್ಕೆ ಬರಲಿ. ಸೊಪ್ಪಿನ ವ್ಯಾಪಾರ ಬೇಕೆಂದರೆ ನಮ್ಮ ಅಣ್ಣೆ, ಹೊನಗೊನೆ, ಗೋಣಿ ಸೊಪ್ಪನ್ನು ಮಡಿ ಮಾಡಿ ಬೆಳೆದು ಮಾರಿ. ಅದಕ್ಕೆ ಬೆಲೆ ಬಂದಷ್ಟೂ ಒಳ್ಳೆಯದು.

ಅಡುಗೆಮನೆಯಿಂದ ಈ ಗಿಡಗಳನ್ನು ಮುಗಿಸಿಬಿಡುತ್ತೇವೆ ಎಂಬ ಭ್ರಮೆ ನನಗಿಲ್ಲ. ಒಂದು ಊರಿನವರೆಲ್ಲ ಕೂತು ತಿಂದರೂ ಆ ಊರಿನ ಕೆರೆಯಂಗಳದ ಜಾಲಿ ಮುಗಿಯುವುದಿಲ್ಲ. ಆದರೆ ತಿನ್ನಲೆಂದು ಬಗ್ಗಿ ನೋಡಿದವರು ಎಲೆ, ಹೂವು, ಮುಳ್ಳು, ಹಾಲುಗಳ ವ್ಯತ್ಯಾಸ ಕಲಿಯುತ್ತಾರೆ. ಕಲಿತವರು ಹೊಸದಾಗಿ ಬಂದ ಕಳೆಯನ್ನು ಹತ್ತು ಗಿಡಗಳಿರುವಾಗಲೇ ಗುರುತಿಸುತ್ತಾರೆ. ಹತ್ತು ಗಿಡವನ್ನು ಕೀಳುವುದು ಒಂದು ಬೆಳಗಿನ ಕೆಲಸ.

ಕೊನೆಯ ಪ್ರಶ್ನೆ ಒಬ್ಬ ಶಾಲಾ ಶಿಕ್ಷಕರದು: ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಹೋಗಿ, ಆದರೆ ಮೊದಲ ವರ್ಷ ನೋಡುವುದಕ್ಕೆ ಮಾತ್ರ. ಗಿಡವನ್ನು ಸಸಿ, ಹೂವು, ಕಾಯಿ ಮೂರೂ ಹಂತದಲ್ಲಿ ಕಂಡ ಮೇಲೆಯೇ ಬಾಯಿಗೆ. ಊರಿನಲ್ಲಿ ಸೊಪ್ಪು ಬಲ್ಲ ಹಿರಿಯರು ಒಬ್ಬರಾದರೂ ಜೊತೆಗಿರಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಹೆಸರು ಹುಡುಕುವುದು ಕಲಿಯಲು ಸರಿ, ತಿನ್ನಲು ಅದನ್ನೇ ನಂಬಬಾರದು. ಹೊಸದನ್ನು ತಿನ್ನುವಾಗ ಒಂದೇ ಬಗೆಯದು, ಬೇಯಿಸಿ, ಒಂದು ಚಮಚ ಮಾತ್ರ, ಮರುದಿನದ ತನಕ ಬೇರೆ ಹೊಸದು ಬೇಡ. ಬೇಯಿಸುವ ಮುನ್ನ ಆ ಗಿಡದ ಒಂದು ರೆಂಬೆಯನ್ನು ಎಲೆ, ಹೂವಿನ ಸಮೇತ ಕಾಗದದಲ್ಲಿ ಸುತ್ತಿ ತೆಗೆದಿಡಿ. ಯಾರಿಗಾದರೂ ವಾಂತಿ, ಬಾಯಿ ಉರಿ, ಕಣ್ಣು ಮಂಜು, ತೊದಲು ಕಂಡರೆ ಬಲವಂತವಾಗಿ ವಾಂತಿ ಮಾಡಿಸಬೇಡಿ, ಮಜ್ಜಿಗೆ ಕುಡಿಸಿ ಕಾಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಆ ರೆಂಬೆಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು ಎಂದು ವೈದ್ಯರಿಗೆ ಬೇಗ ತಿಳಿಯಲು ಅದು ನೆರವಾಗುತ್ತದೆ.